ಮೊದಲು ತೂಕ, ಆಮೇಲೆ ಗಂಡೋ ಹೆಣ್ಣೋ

ಕಾಕು ತೀರಿಕೊಂಡ ಮೇಲೆ ಲಂಡನ್ನಿನ ಕೆಂಟನ್ ಬಡಾವಣೆಯ ಒಂದು ಹಾಲ್‌ನಲ್ಲಿ ನಾವು ಒಂದಷ್ಟು ಕನ್ನಡದವರು ಸೇರಿದ್ದೆವು. ಧಾರವಾಡದವರು, ಉಡುಪಿ ಕಡೆಯವರು, ನನ್ನಂಥ ಮೈಸೂರಿನವರು, ಎಲ್ಲರೂ ಇದ್ದರು. "ಪಕ್ಕದ ಮನೆಯವರು ನೀವೇ ಅಲ್ವಾ, ನಾಲ್ಕು ಮಾತು ಹೇಳಿ" ಎಂದು ಯಾರೋ ನನ್ನ ಕೈಗೆ ಮೈಕ್ ತುರುಕಿದರು. ನನಗೆ ಮಾತು ಬರುವುದಿಲ್ಲ ಎಂದು ಯಾರೂ ಹೇಳಲಾರರು. ಮನೆಯಲ್ಲಿ ನನ್ನ ಬಾಯಿ ಮುಚ್ಚಿಸುವುದೇ ಕಷ್ಟ. ಆದರೆ ಅವತ್ತು "ಕಾಕು ತುಂಬಾ..." ಎಂದು ಶುರು ಮಾಡಿದವಳು ಅಲ್ಲೇ ನಿಂತುಬಿಟ್ಟೆ. ತುಂಬಾ ಏನು? ಪ್ರೀತಿಯವರೆ? ಒರಟರೆ? ನನ್ನ ಮಗಳನ್ನು ಉಳಿಸಿದವರೆ, ಅಥವಾ ಏನೂ ಆಗದಿದ್ದ ಮಗುವಿಗಾಗಿ ನಮ್ಮ ನಿದ್ದೆ ಕೆಡಿಸಿದವರೆ? ಮಗಳಿಗೆ ಒಂಬತ್ತು ವರ್ಷವಾಯಿತು, ನನಗೆ ಇನ್ನೂ ಗೊತ್ತಾಗಿಲ್ಲ. "ತುಂಬಾ ತೂಕ ಮಾಡ್ತಿದ್ರು" ಎಂದು ಹೇಳಿ ಮೈಕ್ ವಾಪಸ್ ಕೊಟ್ಟೆ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು.

ಹೇಳಿದ್ದು ಸುಳ್ಳೇನಲ್ಲ. ಕಾಕು ಜೀವಮಾನವೆಲ್ಲ ಮಾಡಿದ್ದು ತೂಕವನ್ನೇ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಇಲ್ಲಿಗೆ ಬಂದವರು, ಒಂದು ಸಂಶೋಧನಾ ತಂಡ ಸೇರಿಕೊಂಡು, ಪ್ರತಿ ವರ್ಷ ಚಳಿ ಶುರುವಾಗುವ ಹೊತ್ತಿಗೆ ಸ್ಕಾಟ್ಲೆಂಡಿನ ದ್ವೀಪಗಳಿಗೋ ಪೂರ್ವದ ಕರಾವಳಿಗೋ ಹೋಗಿ ಸೀಲ್ ಮರಿಗಳನ್ನು ತೂಗುತ್ತಿದ್ದರು. ಸೀಲ್ ಎಂದರೆ ನಾಯಿಯಂಥ ಮುಖದ, ಕಾಲಿನ ಜಾಗದಲ್ಲಿ ಈಜುರೆಕ್ಕೆಯಿರುವ, ಮೀನು ತಿಂದು ಬದುಕುವ ಕಡಲಪ್ರಾಣಿ. ಮರಿ ಹಾಕಲು ದಡಕ್ಕೆ ಬರುತ್ತದೆ. ಬಿಳಿ ತುಪ್ಪಳದ ಒಂದೇ ಒಂದು ಮರಿ. ತಾಯಿ ಅದಕ್ಕೆ ಮೂರು ವಾರದ ಹಾಗೆ ಬೆಣ್ಣೆಯಂಥ ಹಾಲು ಕುಡಿಸಿ, ದುಂಡಗೆ ಉಬ್ಬಿಸಿ, ಒಂದು ದಿನ ಅದನ್ನು ಅಲ್ಲೇ ಬಿಟ್ಟು ನೀರಿಗಿಳಿದು ಹೋಗಿಬಿಡುತ್ತದಂತೆ. ಆ ಮೂರು ವಾರದಲ್ಲಿ ಗಂಡು ಮರಿ ಹೇಗೆ ಬೆಳೆಯುತ್ತದೆ, ಹೆಣ್ಣು ಮರಿ ಹೇಗೆ ಬೆಳೆಯುತ್ತದೆ, ಇದನ್ನು ನೋಡುವುದೇ ಕಾಕು ಕೆಲಸ. ಕೇಳಿದ ಮೊದಲ ದಿನ ನಾನು "ಅಷ್ಟೇನಾ?" ಎಂದಿದ್ದೆ. "ಅಷ್ಟ" ಎಂದರು.

ನಿವೃತ್ತರಾಗಿ ನಮ್ಮ ಬೀದಿಗೆ ಬಂದಾಗ ಅವರ ಹೆಸರಿನ ಮುಂದೆ ಡಾಕ್ಟರ್ ಎಂದಿತ್ತು. ನಮ್ಮ ಜನರಿಗೆ ಅಷ್ಟು ಸಾಕಾಯಿತು. ಜಿಪಿ ಎನ್ನುವ ಇಲ್ಲಿನ ಬಡಾವಣೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗದವರೆಲ್ಲ ಕಾಕು ಬಾಗಿಲಿಗೆ. ಒಬ್ಬರು ಮಂಡಿನೋವು ತಂದರು, ಒಬ್ಬರು ಶುಗರ್ ರಿಪೋರ್ಟ್ ತಂದರು. "ನಾ ಆ ಡಾಕ್ಟರ್ ಅಲ್ಲರಿ" ಎಂದರೆ "ಪ್ರಾಣಿ ಡಾಕ್ಟರಾದ್ರೂ ಪರವಾಗಿಲ್ಲ, ಸ್ವಲ್ಪ ನೋಡಿ" ಎಂದರಂತೆ. "ಪ್ರಾಣಿ ಡಾಕ್ಟರೂ ಅಲ್ಲ. ನಾ ಔಷಧ ಕೊಡೂದಿಲ್ಲ, ತೂಗತೀನಿ, ಅಷ್ಟ." ಇಷ್ಟಾದರೂ ನನ್ನ ಅತ್ತೆ ಕಾಕು ಇರುವ ತನಕವೂ ಅವರನ್ನು ಡಾಕ್ಟ್ರಮ್ಮ ಎಂದೇ ಕರೆದರು. ನಮ್ಮ ವಯಸ್ಸಿನವರಿಗೆ ಮಾತ್ರ ಅವರು ಕಾಕು, ಅಂದರೆ ಧಾರವಾಡದ ಕಡೆ ಚಿಕ್ಕಮ್ಮ.

ತೂಗುವವರು ಎಂದು ಗೊತ್ತಾದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಊರಿಗೆ ಹೊರಟವರು ಸೂಟ್‌ಕೇಸ್ ಉರುಳಿಸಿಕೊಂಡು ಬಂದು ಅವರ ಮುಂದೆ ನಿಲ್ಲಿಸುತ್ತಿದ್ದರು. ಕಾಕು ಹಿಡಿಕೆ ಹಿಡಿದು ಎತ್ತಿ, ಕಣ್ಣು ಮುಚ್ಚಿ, "ಇಪ್ಪತ್ಮೂರರೊಳಗ ಅದ, ಹೋಗ್ರಿ" ಎನ್ನುತ್ತಿದ್ದರು. ಹೀಥ್ರೂ ವಿಮಾನ ನಿಲ್ದಾಣದ ತಕ್ಕಡಿಯಲ್ಲಿ ಇಟ್ಟರೆ ಇಪ್ಪತ್ತಾರು ಕಿಲೋ. ನನ್ನ ಗಂಡ ಒಮ್ಮೆ ಅಷ್ಟೂ ಜನರ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಚಾಕೊಲೇಟ್ ಪೊಟ್ಟಣಗಳನ್ನು ಕೋಟಿನ ಜೇಬುಗಳಿಗೆಲ್ಲ ತುಂಬಿಕೊಂಡು ವಿಮಾನ ಹತ್ತಿದರು. ನಾನು ಜಗಳಕ್ಕೇ ಹೋದೆ. "ಕೈಗೇನ್ ತಿಳೀತದ ಯವ್ವಾ? ಕೈಗೆ ತಿಳಿಯೂ ಹಂಗಿದ್ರ ತಕ್ಕಡಿ ಯಾಕ ಬೇಕಿತ್ತು?" ಎಂದರು. "ಮತ್ತೆ ಯಾಕೆ ಎತ್ತಿ ನೋಡಿದ್ರಿ?" "ನೀವು ಎತ್ತಂದ್ರಿ, ಎತ್ತಿದೆ." ಇಂಥವರ ಹತ್ತಿರ ಏನು ಜಗಳ ಆಡುವುದು!

ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಯಾವುದೋ ಮರಿ ಕಚ್ಚಿ, ಕೀವಾಗಿ, ಬೆರಳು ಸೆಟೆದು ಹಾಗೆಯೇ ನಿಂತಿತ್ತು. ಹೀಗಾಗಿ ಕಾಕು ಏನು ಮಾಡಿದರೂ ಯಾರನ್ನೋ ತೋರಿಸಿ ಗದರುತ್ತಿರುವ ಹಾಗೆ ಕಾಣುತ್ತಿತ್ತು. ಚಹಾ ಕುಡಿದರೂ ಗದರಿಕೆ, ಜೋಳದ ರೊಟ್ಟಿ ತಟ್ಟಿದರೂ ಗದರಿಕೆ. "ಕಚ್ಚಿದ್ದು ಗಂಡೋ ಹೆಣ್ಣೋ?" ಎಂದು ನನ್ನ ಗಂಡ ತಮಾಷೆಗೆ ಕೇಳಿದರೆ, "ತಿರಗಿಸಿ ನೋಡೂದರೊಳಗ ಕಚ್ಚಿತು, ಗೊತ್ತಾಗ್ಲಿಲ್ಲ" ಎಂದು ಬೇಜಾರಿನಿಂದ ಹೇಳಿದರು. ಬೆರಳು ಹೋದದ್ದಕ್ಕಿಂತ ಅದೊಂದು ಗೊತ್ತಾಗದೆ ಹೋದದ್ದೇ ಅವರಿಗೆ ನೋವು ಎಂದು ಕಾಣುತ್ತದೆ. ಮದುವೆಯ ವಿಷಯವೂ ಹೀಗೆಯೇ. ಸ್ಕಾಟ್ಲೆಂಡಿನವರೊಬ್ಬರನ್ನು ಮದುವೆಯಾಗಿದ್ದರು ಎಂದು ಕೆಲವರು ಹೇಳುತ್ತಿದ್ದರು, ಆಗಿಯೇ ಇರಲಿಲ್ಲ ಎಂದು ಕೆಲವರು. ನಾನು ನೇರವಾಗಿ ಕೇಳಿಯೇಬಿಟ್ಟೆ, "ಕಾಕು, ನಿಮಗೆ ಮದುವೆ ಆಗಿತ್ತಾ, ಇಲ್ವಾ?" "ಹೌದು" ಎಂದರು. ಯಾವುದಕ್ಕೆ ಹೌದು ಎಂದು ಇವತ್ತಿಗೂ ನನಗೆ ತಿಳಿಯದು.

ನನ್ನ ಗಂಡನ ಆಫೀಸು ಬ್ಯಾಂಕುಗಳೇ ತುಂಬಿರುವ ಕ್ಯಾನರಿ ವಾರ್ಫ್‌ನಲ್ಲಿ. ಥೇಮ್ಸ್ ನದಿಯ ಸೀಲ್ ಒಮ್ಮೊಮ್ಮೆ ಅಲ್ಲಿನ ಹಳೆಯ ಹಡಗುಕಟ್ಟೆಗಳ ನೀರಿಗೆ ಬಂದುಬಿಡುತ್ತದೆ. ಹಾಗೆ ಬಂದ ಒಂದು ಮಧ್ಯಾಹ್ನ ಬ್ಯಾಂಕಿನವರೆಲ್ಲ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದೇ ಕಟ್ಟೆಯ ಮೇಲೆ ನಿಂತು ಫೋಟೊ ತೆಗೆದರಂತೆ. ಸಂಜೆ ನಮ್ಮವರು ಮನೆಗೂ ಬರದೆ ನೇರವಾಗಿ ಕಾಕು ಮನೆಗೆ ಹೋದರು. "ದೊಡ್ಡ ಗಂಡು ಸೀಲ್ ಕಾಕು, ಏನು ಗತ್ತು ಅವನದು!" ಕಾಕು ಫೋಟೊ ನೋಡಲೇ ಇಲ್ಲ.

"ಗಂಡು ಅಂತ ಹ್ಯಾಂಗ ಗೊತ್ತಾತು?"

"ದೊಡ್ಡದಿತ್ತಲ್ಲ ಕಾಕು."

"ಎಷ್ಟು ದೊಡ್ಡದು?"

ನಮ್ಮವರು ತಬ್ಬಿಬ್ಬಾಗಿ, "ಗಂಡಿನಷ್ಟು ದೊಡ್ಡದು" ಎಂದರು.

ಕಾಕು ನಕ್ಕರು ನೋಡಿ! ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ತಮ್ಮ ಕೆಲಸದ ಒಂದು ಕ್ರಮ ಹೇಳಿದರು. ಮರಿಯನ್ನು ಕ್ಯಾನ್ವಾಸ್ ಚೀಲದಲ್ಲಿ ಹಾಕಿ, ಚೀಲವನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ತಕ್ಕಡಿಯನ್ನು ಒಂದು ಕೋಲಿಗೆ ಕಟ್ಟಿ, ಕೋಲನ್ನು ಇಬ್ಬರು ಹೆಗಲ ಮೇಲೆ ಎತ್ತುವುದು. ಮರಿಯನ್ನು ಬೆನ್ನ ಮೇಲೆ ಮಗುಚಿ ನೋಡದೆ ಅದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹೀಗಾಗಿ ಕಾಕು ತಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದರು: ಮೊದಲು ತೂಕ, ಆಮೇಲೆ ಗಂಡೋ ಹೆಣ್ಣೋ. "ಗಂಡು ಅಂತ ಮೊದಲ ಗೊತ್ತಾತಂದ್ರ ಕಣ್ಣು ತಕ್ಕಡಿ ಮುಳ್ಳನ್ನ ಒಂದು ಗೆರಿ ಜಾಸ್ತಿ ಓದತದ. ಯಾರ ಕಣ್ಣಾದ್ರೂ ಓದತದ. ನಂದೂ ಓದೇದ."

ಹೆಣ್ಣಾಗಿ ಹುಟ್ಟಿದ್ದಕ್ಕೇ ಇವರು ಈ ಕೆಲಸ ಹಿಡಿದಿರಬೇಕು, ಮನೆಯಲ್ಲಿ ಅಣ್ಣನಿಗೆ ತುಪ್ಪ ಇವರಿಗೆ ಮಜ್ಜಿಗೆ ಬಡಿಸಿರಬೇಕು ಎಂದು ನಾನೇ ಒಂದು ಕಥೆ ಕಟ್ಟಿಕೊಂಡು ಕೇಳಿದೆ. "ಎಲ್ಲಾರೂ ಇದನ್ನ ಕೇಳತಾರ" ಎಂದರು. "ನಮ್ಮ ಮನ್ಯಾಗ ನನಗ ತುಪ್ಪ ಜಾಸ್ತಿ ಹಾಕತಿದ್ರು. ಅಣ್ಣಗ ತುಪ್ಪ ಆಗತಿದ್ದಿಲ್ಲ. ಈ ಕೆಲಸ ಖಾಲಿ ಇತ್ತು, ಅರ್ಜಿ ಹಾಕಿದೆ." ನನಗೆ ನಿರಾಸೆಯೇ ಆಯಿತು.

ಇನ್ನು ನನ್ನ ಅವಳಿಗಳ ವಿಷಯ. ಒಂದು ಗಂಡು, ಒಂದು ಹೆಣ್ಣು. ಬಾಣಂತನಕ್ಕೆ ನನ್ನ ಅಮ್ಮ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಅತ್ತೆ ಕುಂದಾಪುರದಿಂದ ಬಂದರು. ಬಂದವರು ಬಂದ ಹಾಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಅವರಿಲ್ಲದಿದ್ದರೆ ನಾನು ಸತ್ತೇ ಹೋಗುತ್ತಿದ್ದೆ, ಅದನ್ನು ಮೊದಲು ಹೇಳಿಬಿಡಬೇಕು. ಮಗ ಉದ್ದನೆಯ ಕಡ್ಡಿ, ಇಡೀ ದಿನ ಕಿರುಚುತ್ತಿದ್ದ. ಮಗಳದು ದುಂಡು ಮುಖ, ಗುಂಡು ಕೆನ್ನೆ, ಸದ್ದಿಲ್ಲ. ಅಳುವ ಕೂಸಿಗೆ ಮೊದಲು ಹಾಲು. ಯಾವ ಮನೆಯಲ್ಲಾದರೂ ಹಾಗೇ ತಾನೆ?

ನಮ್ಮ ಜನರಿಗೆ ಒಂದು ಕಟ್ಟಳೆ ಇದೆ. ಚೆನ್ನಾಗಿರುವ ಮಗುವನ್ನು ಚೆನ್ನಾಗಿದೆ ಎನ್ನಬಾರದು, ದೃಷ್ಟಿಯಾಗುತ್ತದೆ. ಮಗು ಗುಂಡುಕಲ್ಲಿನ ಹಾಗಿದ್ದರೂ "ಅಯ್ಯೋ, ಸೊರಗಿದೆ" ಎನ್ನಬೇಕು. ಅತ್ತೆ ಇದರಲ್ಲಿ ಪಂಡಿತರು. ಊರಿಂದ ಫೋನ್ ಬರಲಿ, ಸ್ಟ್ಯಾನ್ಮೋರಿನ ನೆಂಟರು ಕಾರಿನಲ್ಲಿ ಬಂದಿಳಿಯಲಿ, ಅತ್ತೆಯದು ಒಂದೇ ರಾಗ: "ನಮ್ ಮಾಣಿ ಎಂತದೂ ಕುಡಿತಿಲ್ಲೆ ಮಾರಾಯ್ತಿ. ಕಾಣಿ, ಸೊರಗಿ ಕಡ್ಡಿ ಆಯ್ತ್." ಮಾಣಿ ಎಂದರೆ ಅವರ ಕಡೆ ಹುಡುಗ, ಕಾಣಿ ಎಂದರೆ ನೋಡಿ. ಮತ್ತೆ ಹುಡುಗಿ? "ಹೆಣ್ಣ್ ಗಟ್ಟಿ ಇತ್ತ್. ಅದಕ್ಕೆಂತ ತೊಂದ್ರೆ ಇಲ್ಲೆ." ಪ್ರತಿ ಶುಕ್ರವಾರ ಮಾಣಿಗೆ ಒಣಮೆಣಸು ನಿವಾಳಿಸಿ ಒಲೆಯ ಮೇಲೆ ಸುಡುತ್ತಿದ್ದರು, ಸ್ಮೋಕ್ ಅಲಾರ್ಮ್ ಬೀದಿಗೆಲ್ಲ ಕೇಳುವಂತೆ ಹೊಡೆದುಕೊಳ್ಳುತ್ತಿತ್ತು, ನಮ್ಮವರು ಸ್ಟೂಲ್ ಹತ್ತಿ ಟವೆಲ್ ಬೀಸುತ್ತಿದ್ದರು. ಉಳಿದ ಎರಡು ಮೆಣಸನ್ನು ಮಗಳ ಕಡೆ ಒಮ್ಮೆ ಆಡಿಸಿದರೆ ಅವಳ ಪಾಲು ಮುಗಿಯಿತು.

ಸುಳ್ಳೆಂದು ಗೊತ್ತಿದ್ದು ಹೇಳುವ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿದರೆ ಏನಾಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ನಿದ್ದೆಯಿಲ್ಲದ ತಲೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಸ್ಥಿತಿ. ಮಗ ಸೊರಗಿದ್ದಾನೆ ಎಂದು ನಾನೂ ನಂಬಿದೆ. ಅತ್ತೆಯೂ ತಮ್ಮ ಮಾತನ್ನು ತಾವೇ ನಂಬಿದರು. ಬಾಟಲಿಯಲ್ಲಿ ಇನ್ನೊಂದಿಷ್ಟು ಹಾಲು ಉಳಿದರೆ ಅದು ಮಗನಿಗೆ. ಮಗಳು ಅರ್ಧ ಕುಡಿದು ಮಲಗಿದರೆ "ಪಾಪ, ಹೊಟ್ಟೆ ತುಂಬಿತು, ಎಷ್ಟು ಒಳ್ಳೆಯ ಮಗು" ಎಂದು ಹೊದಿಸುತ್ತಿದ್ದೆವು. ಮಕ್ಕಳನ್ನು ತೂಗುವ ಕ್ಲಿನಿಕ್ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ನರ್ಸ್ ಕರೆಯುತ್ತಲೇ ಇದ್ದರು. ಆದರೆ ಹತ್ತು ಜನರ ಮುಂದೆ ಬಟ್ಟೆ ಬಿಚ್ಚಿ ಮಗುವನ್ನು ತಕ್ಕಡಿಗೆ ಇಡುವುದು ಅತ್ತೆಗೆ ಆಗದು, ಅದಕ್ಕಿಂತ ದೃಷ್ಟಿ ಬೇರೆ ಉಂಟೆ? ಒಮ್ಮೆ ಮಗನಿಗೆ ನೆಗಡಿ, ಒಮ್ಮೆ ಹಿಮ. ಹೀಗೆ ಒಂದೆರಡು ಸಲ ತಪ್ಪಿತು.

ಆ ಒಂದು ಶನಿವಾರ ಮಧ್ಯಾಹ್ನ ಕಾಕು ರೊಟ್ಟಿ, ಎಣ್ಣೆಗಾಯಿ ಹಿಡಿದುಕೊಂಡು ಬಂದರು. ಅತ್ತೆ ತಮ್ಮ ರಾಗ ಶುರು ಮಾಡಿದರು. ಕಾಕು ಪೂರ್ತಿ ಕೇಳಿಸಿಕೊಂಡು, ಆ ಸೆಟೆದ ಬೆರಳನ್ನು ಒಮ್ಮೆ ಮಗನ ಕಡೆ, ಒಮ್ಮೆ ಮಗಳ ಕಡೆ ತೋರಿಸಿದರು.

"ಒಂದ ಮನಿ, ಎರಡು ಕೂಸು. ದೃಷ್ಟಿ ಒಂದಕ್ಕಷ್ಟ ಆಗತದೇನ್ರಿ?"

ಅತ್ತೆಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಕೆಟ್ಟದ್ದೇನೂ ಮನಸ್ಸಿನಲ್ಲಿ ಇಲ್ಲದೆ, ಇದೂ ಗೊತ್ತಿಲ್ಲವೆ ಎನ್ನುವ ಹಾಗೆ, "ಹೆಣ್ಣಿಗೆ ಯಾರ್ ಕಣ್ಣ್ ಹಾಕ್ತ್ರ್, ಡಾಕ್ಟ್ರಮ್ಮ?" ಎಂದರು.

ಕಾಕು ಬಗ್ಗಿ ಮಗಳ ಮುಖವನ್ನೇ ನೋಡಿದರು. ನನಗೆ ತಡೆಯಲಾಗಲಿಲ್ಲ. "ಕಾಕು, ನಿಮ್ಮ ಸೀಲ್‌ಗಳಲ್ಲಿ ಗಂಡು ಮರಿ ಬೇಗ ಬೆಳೆಯುತ್ತಾ, ಹೆಣ್ಣು ಬೇಗ ಬೆಳೆಯುತ್ತಾ? ಅದನ್ನಾದರೂ ಹೇಳಿ" ಎಂದೆ. ಕೇಳಬಾರದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಶುರು ಮಾಡಿದರು. ಸಾಮಾನ್ಯವಾಗಿ ಗಂಡು ಮರಿ ಹುಟ್ಟುವಾಗಲೇ ಸ್ವಲ್ಪ ಭಾರ. ಕೆಲವು ಕಡೆ ಬೆಳೆಯುವುದೂ ಸ್ವಲ್ಪ ಬೇಗ. ಕೆಲವು ಕಡೆ ಆ ವ್ಯತ್ಯಾಸ ಸಿಗುವುದೇ ಇಲ್ಲ. ತಾಯಿ ದೊಡ್ಡದಿದ್ದರೆ ಮರಿ ದೊಡ್ಡದು, ಆಗ ಗಂಡೋ ಹೆಣ್ಣೋ ಎನ್ನುವುದು ಹಿಂದೆ ಸರಿಯುತ್ತದೆ. "ಇನ್ನೊಂದು ಜಾತಿ ಅದ. ಅದರೊಳಗ ಗಂಡು, ಕುಡದ ಹಾಲನ್ನ ಎಲುಬು-ಮಾಂಸಕ್ಕ ಹಾಕತದ, ಉದ್ದ ಆಗತದ. ಹೆಣ್ಣು ಕೊಬ್ಬು ಕೂಡಿಸಿ ಇಟ್ಕೋತದ. ನೋಡಿದ್ರ ಹೆಣ್ಣು ದುಂಡಗ, ಗಂಡು ತೆಳ್ಳಗ. ತೂಗಿದ್ರ ಬ್ಯಾರೇನ."

"ಹಾಗಾದ್ರೆ ತಾಯಿ ಯಾರಿಗೆ ಜಾಸ್ತಿ ಕೊಡತ್ತೆ?"

"ಖಾತ್ರಿ ಇಲ್ಲ."

"ಅಷ್ಟು ವರ್ಷ ತೂಗಿ ಖಾತ್ರಿ ಇಲ್ವಾ?" ನನಗೆ ರೇಗಿತು.

"ಇಲ್ಲ. ಮತ್ತ ಇನ್ನೊಂದು ಮಾತು. ಸೀಲ್‌ಗೆ ಅವಳಿ ಆಗೂದು ಇಲ್ಲಂದ್ರೂ ನಡೀತದ. ಒಂದ ಮರಿ. ಯಾರಿಗೆ ಮೊದಲು ಅಂತ ಆರಿಸೂ ಪ್ರಸಂಗನ ಆ ತಾಯಿಗೆ ಬರೂದಿಲ್ಲ. ನಿನಗ ಬಂದದ ತಂಗಿ. ನನ್ನ ಸೀಲ್ ನಿನಗ ಉಪಯೋಗ ಇಲ್ಲ." ಇಷ್ಟು ಹೇಳಿ ಎದ್ದರು. "ತಡಿ, ತಕ್ಕಡಿ ತರತೀನಿ."

ತಂದರು. ಹಳೆಯ ಸ್ಪ್ರಿಂಗ್ ತಕ್ಕಡಿ, ಜೊತೆಗೆ ಕ್ಯಾನ್ವಾಸ್ ಚೀಲ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಆ ಚೀಲ್ದಾಗೆ ಸೀಲ್ ಹಾಕಿದ್ದಾ? ನಮ್ ಮಕ್ಳನ್ ಹಾಕುಕ್ ಆತಿಲ್ಲೆ." ಕಾಕು ಹಠ ಮಾಡಲಿಲ್ಲ. ನಮ್ಮವರ ಹಳೆಯ ಪಂಚೆಯೊಂದನ್ನು ಅತ್ತೆಯ ಕೈಯಲ್ಲೇ ಸರಿಯಾಗಿ ಎರಡು ಭಾಗ ಹರಿಸಿದರು. ಮಕ್ಕಳು ಹಾಲು ಕುಡಿದು ಮಲಗಿದ್ದವು. ಕಾಕು ಹೇಳಿದ ಕ್ರಮ ಇದು: ನಮ್ಮವರು ಒಳಗಿನ ಕೋಣೆಗೆ ಹೋಗಿ, ಇಬ್ಬರ ಬಟ್ಟೆಯನ್ನೂ ಕಳಚಿ, ಒಬ್ಬೊಬ್ಬರನ್ನೇ ಪಂಚೆಯಲ್ಲಿ ಜೋಳಿಗೆ ಕಟ್ಟಿ ತರಬೇಕು. ಯಾರು ಎಂದು ಹೇಳಬಾರದು. ಮುಖ ಕಾಣದ ಹಾಗೆ ಮೇಲೆ ಬಟ್ಟೆ ಸಡಿಲವಾಗಿ ಮುಚ್ಚಿರಬೇಕು. ಕೋಲಿಗೆ ನೆಲ ಒರೆಸುವ ಮಾಪಿನ ಹಿಡಿ. ಒಂದು ತುದಿ ನನ್ನ ಹೆಗಲಿಗೆ, ಒಂದು ತುದಿ ಕಾಕು ಹೆಗಲಿಗೆ. ಮುಳ್ಳು ನೋಡುವವರು ಅತ್ತೆ. "ನೀವ ಓದ್ರಿ. ನಾ ಓದಿದ್ರ ನೀವು ನಂಬೂದಿಲ್ಲ" ಎಂದರು ಕಾಕು.

ಮೊದಲ ಜೋಳಿಗೆ ಬಂತು. ಹೆಗಲಿಗೆ ಭಾರ ಬಿತ್ತು. ಇದು ಮಗಳು, ಗಟ್ಟಿ ಇದ್ದಾಳಲ್ಲ ಎಂದುಕೊಂಡೆ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಓದಿದರು. ಎರಡನೆಯ ಜೋಳಿಗೆ ಬಂತು. ಕೋಲು ಹಗುರವಾಗಿಯೇ ಇತ್ತು, ನನ್ನ ಹೆಗಲಿಗೆ ಏನೂ ತಿಳಿಯಲಿಲ್ಲ ಎನ್ನಬಹುದು. ಅತ್ತೆ ಓದುವುದನ್ನೇ ಮರೆತು ಜೋಳಿಗೆಯ ತಳಕ್ಕೆ ಕೈ ಕೊಟ್ಟರು. ಅವರ ಕಣ್ಣು ತುಂಬಿ ಬಂತು.

"ಇದ್ ಮಾಣಿ. ಪಾಪ, ಎಂತದೂ ಇಲ್ಲೆ ಮೈಯಂಗೆ. ಕಾಣಿ ಡಾಕ್ಟ್ರಮ್ಮ, ನಾನ್ ಹೇಳಿದ್ನಲ್ಲ?"

"ಓದ್ರಿ" ಎಂದರು ಕಾಕು. ಅತ್ತೆ ಓದಿದರು. "ಈಗ ಬಿಚ್ಚಿ ನೋಡ್ರಿ."

ಅತ್ತೆ ಪಂಚೆಯ ಗಂಟು ಬಿಚ್ಚಿದರು. ಒಳಗೆ ನನ್ನ ಮಗಳು. ದುಂಡು ಮುಖ, ಗುಂಡು ಕೆನ್ನೆ. ಕುತ್ತಿಗೆಯಿಂದ ಕೆಳಗೆ ಮೈಯಲ್ಲಿ ಏನೂ ಇರಲಿಲ್ಲ.

ಅತ್ತೆ, "ತಕ್ಕಡಿ ಸರಿ ಇಲ್ಲೆ" ಎಂದು ಅಡುಗೆಮನೆಗೆ ಹೋಗಿ, ಒಡೆಯದ ಒಂದು ಕಿಲೋ ಸಕ್ಕರೆ ಪೊಟ್ಟಣ ತಂದು ಕೊಕ್ಕೆಗೆ ತಾವೇ ತೂಗುಹಾಕಿದರು. ಮುಳ್ಳು ಸರಿಯಾಗಿ ಒಂದಕ್ಕೆ ನಿಂತಿತು. ಅತ್ತೆ ಆ ಪೊಟ್ಟಣ ಹಿಡಿದುಕೊಂಡೇ ಸೋಫಾದಲ್ಲಿ ಕೂತುಬಿಟ್ಟರು. ನನಗೆ ಮಗಳನ್ನು ಎತ್ತಿಕೊಳ್ಳಬೇಕೋ, ಅತ್ತೆಯ ಮೇಲೆ ಕಿರುಚಬೇಕೋ, ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೋ ಒಂದೂ ತಿಳಿಯಲಿಲ್ಲ. ದಿನಕ್ಕೆ ಎಷ್ಟು ಸಲ ಎತ್ತಿದ ಕೈ ಇದು! "ಕೈ ಹಂಗ. ಕಿವಿ ಹೇಳಿದ್ದನ್ನ ಕೇಳತದ" ಎಂದರು ಕಾಕು. ಅವರಿಗೆ ಗೆದ್ದ ಸಂತೋಷ ಇರಬಹುದು ಎಂದು ಅವರ ಮುಖ ನೋಡಿದೆ. ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. "ನನ್ನ ಅನುಮಾನ ಸುಳ್ಳಾಗಲಿ ಅಂತ ಬೇಡಕೊಂಡಿದ್ದೆ ಯವ್ವಾ" ಎಂದರು.

ಮರುದಿನ ಭಾನುವಾರ. ಸೋಮವಾರ ಬೆಳಿಗ್ಗೆಯೇ ಜಿಪಿ ಹತ್ತಿರ ಓಡಿದೆವು. ಮಗಳಿಗೆ ಹಾಲು ಸಾಲದಿರಬಹುದು ಎಂದರು. ದನದ ಹಾಲು ಒಗ್ಗದಿರಲೂಬಹುದು ಎಂದರು. ಅವಳ ಜಾಯಮಾನವೇ ಹಾಗಿರಲೂಬಹುದು, ಒಂದು ಸಲದ ತೂಕದಿಂದ ಹೇಳಲಾಗದು, ಪ್ರತಿ ವಾರ ತನ್ನಿ ಎಂದರು. ನಾನು ಯಾವುದನ್ನೂ ಬಿಡಲಿಲ್ಲ. ಮಗಳಿಗೆ ಮೊದಲು ಹಾಲು. ಬಾಟಲಿಗೆ ದನದ ಹಾಲಿಲ್ಲದ ಬೇರೆ ಪುಡಿ. ರಾತ್ರಿ ಎಬ್ಬಿಸಿ ಕುಡಿಸಿದೆ. ಅವಳು ನಿಧಾನವಾಗಿ, ಬಹಳ ನಿಧಾನವಾಗಿ ಮೇಲೆ ಬಂದಳು. ಸಂತೋಷ ತಡೆಯದೆ ಕಾಕುಗೆ ಹೇಳಲು ಓಡಿದರೆ ಅವರು ಹುಬ್ಬು ಗಂಟಿಕ್ಕಿದರು.

"ಮೂರೂ ಕೂಡೇ ಬದಲಿ ಮಾಡಿದಿ? ಈಗ ಯಾವುದರಿಂದ ಏರಿತು ಅಂತ ಹ್ಯಾಂಗ ಹೇಳೂದು?"

"ಅದು ಮಗು ಕಾಕು! ನಿಮ್ಮ ಪ್ರಯೋಗ ಅಲ್ಲ!" ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿದೆ.

"ಗೊತ್ತದ. ಅದಕ್ಕ ನನಗ ಭಾಳ ಖುಷಿ ಆಗೇದ" ಎಂದು ನನ್ನ ಕೈ ಹಿಡಿದುಕೊಂಡರು. ಮತ್ತೆ ಒಂದು ಕ್ಷಣ ಬಿಟ್ಟು, "ಆದ್ರ ಗೊತ್ತಾಗ್ಲಿಲ್ಲಲ್ಲ" ಎಂದರು.

ಗೊತ್ತಾಗಲೇ ಇಲ್ಲ. ನಾವು ಮಗಳನ್ನು ಉಪವಾಸ ಹಾಕಿದ್ದೆವೆ? ಅವಳು ಹಾಗೆಯೇ ಬೆಳೆಯಬೇಕಾದ ಮಗುವಾಗಿದ್ದಳೆ? ಪ್ರತಿ ಹುಟ್ಟುಹಬ್ಬಕ್ಕೂ ಕಾಕುಗೆ ಇದನ್ನೇ ಕೇಳುತ್ತಿದ್ದೆ. ನನಗೆ ಬೇಕಾಗಿದ್ದದ್ದು "ಇಲ್ಲ, ನಿಂದೇನೂ ತಪ್ಪಿಲ್ಲ" ಎನ್ನುವ ಒಂದು ಸುಳ್ಳು ಮಾತು. ಬೇರೆ ಯಾರೇ ಆಗಿದ್ದರೂ ಹೇಳುತ್ತಿದ್ದರು. ಕಾಕು ಪ್ರತಿ ಸಲ ಯೋಚನೆ ಮಾಡಿ, ಹೊಸದಾಗಿ ಯೋಚನೆ ಮಾಡಿ, "ಗೊತ್ತಿಲ್ಲ ತಂಗಿ" ಎನ್ನುತ್ತಿದ್ದರು. ಅವರ ಮೇಲೆ ನನಗೆ ಎಷ್ಟು ಸಲ ಸಿಟ್ಟು ಬರುತ್ತಿತ್ತೋ, ಅಷ್ಟೇ ಸಲ ಅವರ ಮನೆಗೇ ಹೋಗುತ್ತಿದ್ದೆ. ಇದೇಕೆ ಹೀಗೆ ಎಂದೂ ನನಗೆ ತಿಳಿಯದು.

ಕೊನೆಯ ದಿನಗಳಲ್ಲಿ ಕಾಕು ತೀರಾ ಇಳಿದುಹೋಗಿದ್ದರು. ಅತ್ತೆ ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ದಿನಾ ಗಂಜಿ ಮಾಡಿ ತೆಗೆದುಕೊಂಡು ಹೋಗುತ್ತಿದ್ದರು. ಹೋದವರು ಬಾಗಿಲಲ್ಲೇ, "ಇವತ್ತ್ ಮೈ ತುಂಬ್ಕಂಡಿತ್ತ್ ಡಾಕ್ಟ್ರಮ್ಮ" ಎನ್ನುತ್ತಿದ್ದರು. "ತೂಗಿ ಹೇಳ್ರಿ" ಎನ್ನುತ್ತಿದ್ದರು ಕಾಕು. ಇಬ್ಬರೂ ನಗುತ್ತಿದ್ದರು. ಆ ಶನಿವಾರದ ಮಾತನ್ನು ಅವರಿಬ್ಬರೂ ಎಂದಾದರೂ ಆಡಿದರೆ? ನಾನು ಕೇಳಿಸಿಕೊಂಡಿಲ್ಲ.

ಆ ಹಾಲ್‌ನಲ್ಲಿ ಮೈಕ್ ಕೊಟ್ಟು ಬಂದು ಕೂತೆನಲ್ಲ, ಅಲ್ಲಿಗೆ ವಾಪಸ್ ಬರುತ್ತೇನೆ. ಊಟದ ಹೊತ್ತಿಗೆ ಸ್ಟ್ಯಾನ್ಮೋರಿನ ಆ ನೆಂಟರು ನಮ್ಮ ಬಳಿ ಬಂದರು. ಮಗ ಅವರ ಕಣ್ಣಿಗೇ ಬೀಳಲಿಲ್ಲ. ಮಗಳ ಗಲ್ಲ ಹಿಡಿದು, "ಅಬ್ಬಾ, ಎಷ್ಟು ಚೆನ್ನಾಗಿ ಬೆಳೆದಿದ್ದಾಳೆ! ಅಣ್ಣನಿಗಿಂತ ಎತ್ತರ! ಏನು ತಿನ್ನಿಸ್ತೀರಿ ಇವಳಿಗೆ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ತಟ್ಟೆ ಹಿಡಿದುಕೊಂಡೇ ನಡುವೆ ಬಂದು ನಿಂತರು.

"ಬೆಳೂದ್ ಎಲ್ಲಿ ಮಾರಾಯ್ತಿ! ಎಂತದೂ ತಿಂತಿಲ್ಲೆ. ಕಾಣಿ, ಸೊರಗಿ ಕಡ್ಡಿ ಆಯ್ತ್ ನಮ್ ಹೆಣ್ಣ್."

"ಅಜ್ಜಿ! ಐ ಹ್ಯಾಡ್ ಫೋರ್ ದೋಸಾಸ್!" ಎಂದಳು ಮಗಳು. ಅತ್ತೆ ಅವಳ ಬಾಯಿಗೆ ಕೈ ಅಡ್ಡ ಇಟ್ಟರು.

ನನಗೆ ನಗು ಬಂತು, ಅಳುವೂ ಬಂತು. ತಟ್ಟನೆ ತಿರುಗಿ ಕಾಕು ಎಲ್ಲಿ ಎಂದು ಹುಡುಕಿದೆ. ಕೇಳಿಸಿಕೊಂಡಿರಾ ಕಾಕು, ಎನ್ನಬೇಕಿತ್ತು. ಎದುರಿಗೆ ಅವರ ಫೋಟೊ ಇತ್ತು, ಹಾರ ಇತ್ತು. ಅತ್ತೆ ಅದನ್ನು ತಿಳಿದು ಹೇಳಿದರೋ, ಬಾಯಿ ತಪ್ಪಿ ಬಂತೋ, ನನಗೆ ಗೊತ್ತಿಲ್ಲ. ಕಾಕು ಇದ್ದಿದ್ದರೆ ಒಂದು ಸಲ ಹೇಳಿದ್ದರಿಂದ ಏನೂ ಹೇಳಲಾಗದು ಎನ್ನುತ್ತಿದ್ದರು.

ಸಂಜೆ ಮನೆಗೆ ಬಂದ ಮೇಲೆ ಅತ್ತೆ ಬಟ್ಟೆಯನ್ನೂ ಬದಲಾಯಿಸದೆ ಅಡುಗೆಮನೆಗೆ ಹೋಗಿ ಒಂದು ಹಿಡಿ ಒಣಮೆಣಸು, ಉಪ್ಪು ತಂದರು. ಮಗಳನ್ನು ನಡುಮನೆಯಲ್ಲಿ ಒಬ್ಬಳನ್ನೇ ನಿಲ್ಲಿಸಿ, ಬಲಕ್ಕೆ ಎಡಕ್ಕೆ ನಿವಾಳಿಸಿ, ಒಲೆಗೆ ಹಾಕಿದರು. ಹೊಗೆ ಎದ್ದಿತು, ಅಲಾರ್ಮ್ ಹೊಡೆದುಕೊಂಡಿತು, ನಮ್ಮವರು ಸ್ಟೂಲ್ ತರಲು ಎದ್ದರು. ಮಗ ಕೆಮ್ಮುತ್ತಾ ಬಾಗಿಲಲ್ಲಿ ನಿಂತು, "ಅಜ್ಜಿ, ವಾಟ್ ಅಬೌಟ್ ಮಿ?" ಎಂದ.

"ನಿಂಗ್ ಎಂತಕ್ಕೆ?" ಎಂದರು ಅತ್ತೆ. "ಇವತ್ತ್ ಕಣ್ಣ್ ಬಿದ್ದದ್ದ್ ಹೆಣ್ಣಿಗೆ."